ಹಮೀದನ ಚೀಲದಿಂದ ನಾನು ತೆಗೆದ ಹಾಸು

ಹಮೀದ್ ನನಗೆ ಕೆಟ್ಟ ಹಾಸು ಕೊಡಲಿಲ್ಲ. ಅದನ್ನು ನಾನೇ ತೆಗೆದುಕೊಂಡೆ, ಅವನಿಗೆ ತಿಳಿಯದಂತೆ, ಅವನ ಚೀಲದಿಂದ. ಅಂದು ಮಂಗಳೂರಿನಿಂದ ನಮ್ಮಿಬ್ಬರ ಜೊತೆ ಹಿಮಾಲಯದ ಚಾರಣಕ್ಕೆ ಹೊರಟಿದ್ದ ನೀವು ನಾಲ್ವರೂ ಇಷ್ಟು ವರ್ಷ ನಂಬಿಕೊಂಡು ಬಂದದ್ದು ಸುಳ್ಳು.

ಎಂಬತ್ತರ ದಶಕದ ಆರಂಭ. ನಿಮಗೆಲ್ಲ ಪರಿಚಯದವರಿಂದ ಹಾಸುಗಳು ಸಿಕ್ಕಿದ್ದವು, ನಮ್ಮಿಬ್ಬರಿಗೆ ಇರಲಿಲ್ಲ. ಡಿಸೆಂಬರಿನಲ್ಲೂ ಒಂದು ತೆಳು ಹೊದಿಕೆ ಸಾಕಾಗುವ ಊರಿನಲ್ಲಿ ಹಿಮದ ಮೇಲೆ ಮಲಗುವ ಹಾಸನ್ನು ಯಾರು ಮಾರುತ್ತಾರೆ? ಹಮೀದನ ಮನೆಯವರಿಗೆ ಬಿಜೈಯಲ್ಲಿ ಕುಶನ್, ಪರದೆ ಹೊಲಿಯುವ ಅಂಗಡಿಯಿತ್ತು. ಅವನು ಬೈಕಂಪಾಡಿಯ ಗೋದಾಮುಗಳನ್ನೆಲ್ಲ ಸುತ್ತಿ, ಹೊರದೇಶದ ಯಂತ್ರಕ್ಕೆ ಸುತ್ತಿ ಬಂದಿದ್ದ ಬೂದು ಬಣ್ಣದ ಗಟ್ಟಿ ಫೋಮ್ ಹಾಳೆಯೊಂದನ್ನು ಹುಡುಕಿ ತಂದ. ಅದರ ಒಂದು ಚೂರನ್ನೂ ಸೋಫಾದ ಸ್ಪಂಜಿನ ಒಂದು ಚೂರನ್ನೂ ಬಕೆಟ್ಟಿನಲ್ಲಿ ಮುಳುಗಿಸಿ ಹಿಂಡಿ ತೋರಿಸಿದ. ಸ್ಪಂಜಿನಿಂದ ನೀರು ಧಾರೆಯಾಗಿ ಇಳಿಯಿತು. ಬೂದು ಚೂರು ಒಳಗೆ ಒಣಗಿಯೇ ಇತ್ತು.

"ಮೆತ್ತಗೆ ಉಂಟಾ ಅಂತ ನೋಡ್ಬೇಡ ಮಾರಾಯ. ನೀರು ಕುಡಿಯಬಾರದು, ನೆಲದ ಚಳಿ ಮೇಲೆ ಬರಬಾರದು. ಅಷ್ಟೇ."

ನಾನು ತಲೆಯಾಡಿಸಿದೆ. ಒಪ್ಪಿದ್ದೆನೇ — ಇಲ್ಲ.

ಹೊರಡುವ ಮುನ್ನಾ ದಿನ ಎರಡು ಹಾಸುಗಳೂ ಒಂದೇ ಥರದ ನೀಲಿ ಕ್ಯಾನ್ವಾಸಿನ ಗವಸುಗಳಲ್ಲಿ ಸಿದ್ಧವಾಗಿದ್ದವು. ನನ್ನದು ತೆಳು, ಒರಟು. ಅವನದು ದಪ್ಪ, ಒತ್ತಿದರೆ ಕುಗ್ಗುತ್ತಿತ್ತು. "ನಿನ್ನದು ದಪ್ಪ ಉಂಟಲ್ಲ?" ಎಂದೆ. "ನಂದು ಹೇಗೂ ಆಗ್ತದೆ. ನಿನ್ನದು ಇದು, ನೆನಪಿಟ್ಕೋ," ಎಂದು ನಕ್ಕ.

ಆ ನಗು ನನ್ನನ್ನು ಬಿಡಲಿಲ್ಲ. ಯಾಕೆ ನಕ್ಕ? ಇದೇ ನಿನ್ನದು ಎಂದು ಒತ್ತಿ ಹೇಳಿದ್ದೇಕೆ? ಆ ಬಕೆಟ್ಟಿನ ಆಟ ನನ್ನ ಕಣ್ಣು ಕಟ್ಟುವುದಕ್ಕೇ ಇರಬಹುದೇ? ನಮ್ಮ ಹೋಟೆಲಿನ ಅಡುಗೆಮನೆಯಲ್ಲಿ, ಊಟದ ಹೊತ್ತಿನಲ್ಲಿ, ಅವನ ಜನರ ವ್ಯಾಪಾರದ ಮೋಸದ ಬಗ್ಗೆ ನಾನು ಕೇಳುತ್ತಾ ಬೆಳೆದ ಮಾತುಗಳು — ಅವು ನನ್ನೊಳಗೆ ಇಲ್ಲವೆಂದು ತಿಳಿದಿದ್ದೆ. ಇದ್ದವು. ರೈಲು ಒಂದು ದೊಡ್ಡ ನಿಲ್ದಾಣದಲ್ಲಿ ನಿಂತಾಗ ಹಮೀದ್ ನಮ್ಮಿಬ್ಬರ ಬಾಟಲಿಗಳಿಗೂ ನೀರು ತುಂಬಿಸಲು ಇಳಿದ. ಅಷ್ಟರಲ್ಲಿ ಹಾಸುಗಳನ್ನು ಅದಲುಬದಲು ಮಾಡಿದೆ. ಗವಸು ಒಂದೇ ಥರ, ಮೇಲೆ ಕತ್ತಲಲ್ಲಿ ದಣಿದು ಮಲಗುವಾಗ ಅವನು ಗಮನಿಸಲಿಲ್ಲ.

ಮುಂದಿನದು ನಿಮಗೆ ಗೊತ್ತು. ಹಿಮದ ಮೇಲಿನ ಮೊದಲ ಬೆಳಗ್ಗೆಯೇ ನನಗೆ ಜ್ವರ, ಎದೆಯಲ್ಲಿ ಕಫ. ಎದ್ದು ಕೂರಲೂ ಆಗಲಿಲ್ಲ. ನಮ್ಮ ನಾಯಕರಾಗಿದ್ದ ಶೇಖರಣ್ಣ, ನೀವು ಚಾಕುವಿನಿಂದ ಗವಸು ಸೀಳಿದಿರಿ. ಒಳಗೆ ನೀರು ಕುಡಿದ ಸ್ಪಂಜು, ಅದರ ಕೆಳಗೆ ಅಂಟಿಸಿ ಜೋಡಿಸಿದ ಬೂದು ಫೋಮಿನ ತುಂಡುಗಳು.

"ಎಂತದಿದು ಹಮೀದ್? ಇದನ್ನಾ ನೀನು ಇವನಿಗೆ ಕೊಟ್ಟದ್ದು?"

ಹಮೀದ್ ಆ ತುಂಡುಗಳನ್ನು ನೋಡಿದ. ಆಮೇಲೆ ನನ್ನನ್ನು ನೋಡಿದ. ಅವನು ತಂದ ಹಾಳೆ ಒಬ್ಬನಿಗೆ ಮಾತ್ರ ಸಾಕಾಗುವಷ್ಟಿತ್ತು, ಅದರ ಇಡೀ ತುಂಡನ್ನು ನನಗೆ ಕೊಟ್ಟು, ಕತ್ತರಿಸಿ ಉಳಿದ ಅಂಚಿನ ಚೂರುಗಳಿಗೆ ಸ್ಪಂಜು ಸೇರಿಸಿ ತನ್ನದನ್ನು ಹೊಲಿದುಕೊಂಡಿದ್ದ ಎಂಬುದು ನನಗೆ ತಿಳಿದದ್ದು ಆ ಕ್ಷಣದಲ್ಲಿ.

"ಅದು ನಂದು," ಎಂದ.

ನೀವೆಲ್ಲ ಅದನ್ನು ತಪ್ಪೊಪ್ಪಿಗೆ ಎಂದು ತಿಳಿದಿರಿ. ಅವನು ಹೇಳಿದ್ದು ನನಗೆ. ನಾನು ಬಾಯಿ ತೆರೆಯಲೆಂದು ಕಾದ. ನಾನು ಕಣ್ಣು ಮುಚ್ಚಿಕೊಂಡೆ. ಜ್ವರದಿಂದ ಎಂದು ನೀವು ಭಾವಿಸಿರಬೇಕು — ಜ್ವರದಿಂದಲ್ಲ.

ಶಿಖರ ಕಾಣಿಸುವ ಮೊದಲೇ ಎಲ್ಲರೂ ನನ್ನನ್ನು ಹೊತ್ತು ಇಳಿದಿರಿ. ಹೆಚ್ಚು ದೂರ ಹೊತ್ತವನು ಅವನು. ಮರುವರ್ಷದ ಚಾರಣಕ್ಕೆ ಅವನನ್ನು ಕರೆಯುವುದು ಬೇಡ ಎಂದು ಮಾತಾದಾಗ ನಾನೂ ಅಲ್ಲಿ ಕುಳಿತಿದ್ದೆ. ಚಹಾ ಕುಡಿಯುತ್ತಿದ್ದೆ. ಇನ್ನೊಂದು ನಿಮಗೆ ಗೊತ್ತಿಲ್ಲ: ನಮ್ಮ ಹೋಟೆಲಿನ ಕುಶನ್ ಕೆಲಸ ಅವರ ಅಂಗಡಿಯಿಂದ ತಪ್ಪಿಹೋದದ್ದು ನನ್ನಿಂದ. ಅಪ್ಪ ಕೇಳಿದಾಗ, "ಅವನು ಒಳಗೆ ಎಂತ ತುಂಬಿಸ್ತಾನೆ ಅಂತ ಯಾರಿಗೆ ಗೊತ್ತು?" ಎಂದೆ. ಸತ್ಯ ಗೊತ್ತಿದ್ದ ಮೇಲೂ ಹಾಗೆಂದೆ. ಅವನು ಎಲ್ಲಿ ಮಾತಾಡುತ್ತಾನೋ ಎಂಬ ಹೆದರಿಕೆ. ಮಾತಾಡಿದರೂ ಯಾರೂ ನಂಬಬಾರದು ಎಂಬ...

ಅವನು ಮಾತಾಡಲಿಲ್ಲ. ಮತ್ತೆಂದೂ ಬೆಟ್ಟ ಹತ್ತಲಿಲ್ಲ.

ಕಳೆದ ವಾರ ಕೂಳೂರಿನಲ್ಲಿರುವ ಅವನ ಮನೆಗೆ ಹೋಗಿ ಎಲ್ಲ ಹೇಳಿದೆ. ಪೂರ್ತಿ ಕೇಳಿದ.

"ನನಗೆ ಅವತ್ತೇ ಗೊತ್ತುಂಟು. ಗೊತ್ತಿದ್ದವನ ಹತ್ರ ಎಂತಕ್ಕೆ ಹೇಳ್ತೀ? ಗೊತ್ತಿಲ್ಲದವರಿಗೆ ಹೇಳು."

ಕ್ಷಮಿಸಿದ್ದೇನೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಅದಕ್ಕೇ ಈ ಬರಹ, ಒಂದೊಂದು ಪ್ರತಿ ನಿಮ್ಮ ನಾಲ್ವರಿಗೂ. ಓದಿದ ಮೇಲೆ ನನಗೆ ಉತ್ತರ ಬರೆಯಬೇಡಿ. ಹಮೀದನ ಮನೆಗೆ ಹೋಗಿ. ನನ್ನನ್ನು ಜೊತೆಗೆ ಕರೆಯಬೇಡಿ.