ತಂಗಿಯ ಗಾಡಿಗೆ ಅಣ್ಣನ ತೂಕ

ಆ ಭಾನುವಾರ ಬೆಳಿಗ್ಗೆ ನನಗೆ ನಿಂತಲ್ಲಿ ನಿಲ್ಲೋಕಾಗಲಿಲ್ಲ, ಕೂತಲ್ಲಿ ಕೂರೋಕಾಗಲಿಲ್ಲ. ತಂಗಿ ಹತ್ತು ಗಂಟೆಗೆ ಬರ್ತೀನಿ ಅಂದಿದ್ದಳು. ನಾನು ಏಳಕ್ಕೇ ಶೆಡ್ ಗುಡಿಸಿದೆ, ಎಂಟಕ್ಕೆ ಮತ್ತೆ ಗುಡಿಸಿದೆ. ಮೂರು ಸಲ ಕಾಫಿ ಕುಡಿದೆ. ಹೂವು ತರ್ತೀನಿ ಅಂತ ಅಮ್ಮನಿಗೆ ಹೇಳಿ ಗಾಂಧಿ ಬಜಾರಿನವರೆಗೂ ಹೋಗಿ ಬರಿಗೈಯಲ್ಲಿ ವಾಪಸ್ ಬಂದೆ.

"ಹೂವೆಲ್ಲೋ?"

"ಚೆನ್ನಾಗಿರ್ಲಿಲ್ಲ."

"ಗಾಂಧಿ ಬಜಾರಲ್ಲಿ ಹೂವು ಚೆನ್ನಾಗಿರ್ಲಿಲ್ವಾ? ಯಾರ ಕಿವಿಗೆ ಹೂವಿಡ್ತೀಯೋ?" ಅಂದಳು ಅಮ್ಮ. ನಾನು ಶೆಡ್ಡಿಗೆ ಹೋದೆ.

ಶೆಡ್ಡಿನಲ್ಲಿ ನಿಂತಿದ್ದದ್ದು ತಂಗಿಯ ಕ್ವಾಡ್. ನಾಲ್ಕು ದಪ್ಪ ಚಕ್ರದ, ಬೈಕಿನ ಹ್ಯಾಂಡಲ್ ಇರುವ, ಮಣ್ಣಿನ ಟ್ರ್ಯಾಕಿನಲ್ಲಿ ಹಾರಿಸಿಕೊಂಡು ಓಡಿಸುವ ಗಾಡಿ. ರೋಡಿಗಿಳಿಸುವ ಹಾಗಿಲ್ಲ, ರೇಸ್ ಇದ್ದರೆ ಟೆಂಪೋದಲ್ಲಿ ಹಾಕಿಕೊಂಡು ಊರಾಚೆ ಹೋಗಬೇಕು. ಅವಳಿರುವುದು ಕುಮಾರ ಪಾರ್ಕಿನಲ್ಲಿ, ಮೂರನೇ ಮಹಡಿ. ಹಾಗಾಗಿ ಗಾಡಿ ಚಾಮರಾಜಪೇಟೆಯ ನಮ್ಮ ಮನೆಯಲ್ಲೇ. ಅವಳು ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ವಾರವೆಲ್ಲ ಸೀರೆ, ಭಾನುವಾರ ಹೆಲ್ಮೆಟ್ಟು. ಗಾಡಿಯ ಉಸ್ತುವಾರಿ ನನ್ನದು. ನಾನು ಹೊಲಿಗೆ ಮಿಷನ್ ರಿಪೇರಿ ಮಾಡುವವನು. ದಾರದ ಬಿಗಿ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಹೊಲಿಗೆ ಕೆಟ್ಟಿತು ಅಂತ ಗಿರಾಕಿಗಳಿಗೆ ಭಾಷಣ ಬಿಗಿಯುವವನು. ಅಂಥವನೇ ಅಳತೆಯಲ್ಲಿ ಕಳ್ಳಾಟ ಆಡಿದ್ದೆ.

ಕ್ವಾಡಿನ ಅಳತೆ ದೊಡ್ಡ ವಿದ್ಯೆಯೇನಲ್ಲ. ಗಾಡಿಯನ್ನು ಜಾಕ್ ಮೇಲೆ ಎತ್ತಿ ಚಕ್ರ ಇಳಿಬಿಟ್ಟು, ಹಿಂದಿನ ಆ್ಯಕ್ಸಲಿನಿಂದ ಸೀಟಿನ ಕೆಳಗಿನ ಬೋಲ್ಟಿನವರೆಗೆ ಟೇಪ್ ಹಿಡಿಯಬೇಕು. ಆಮೇಲೆ ಕೆಳಗಿಳಿಸಿ, ಓಡಿಸುವವರನ್ನು ಹೆಲ್ಮೆಟ್, ಬೂಟು ಸಮೇತ ಕೂರಿಸಿ ಮತ್ತೆ ಹಿಡಿಯಬೇಕು. ಎಷ್ಟು ಇಂಚು ಕುಗ್ಗಿತು ಅನ್ನುವುದೇ ಲೆಕ್ಕ. ಅವಳ ಗಾಡಿಗೆ ಮೂರೂಕಾಲು ಇಂಚು ಕುಗ್ಗಬೇಕು. ಕಮ್ಮಿ ಕುಗ್ಗಿದರೆ ಹಿಂಭಾಗ ಎತ್ತರಕ್ಕೆ ನಿಂತು, ದಿಬ್ಬ ಹಾರಿ ಇಳಿಯುವಾಗ ಕೂತವರನ್ನು ಮುಂದಕ್ಕೆ ಒದೆಯುತ್ತದೆ. ಶಾಕ್ ಅಬ್ಸಾರ್ಬರಿನ ಸ್ಪ್ರಿಂಗ್ ಮೇಲೊಂದು ರಿಂಗ್ ಇದೆ, ಅದನ್ನು ಬಿಗಿಮಾಡಿಯೋ ಸಡಿಲ ಮಾಡಿಯೋ ಸರಿಗೆ ತರಬೇಕು. ಇಷ್ಟೇ.

ಮೂರು ತಿಂಗಳ ಹಿಂದೆ, ಹೋದ ಸಲದ ರೇಸಿಗೆ, ಹೊಸ ಸ್ಪ್ರಿಂಗ್ ಹಾಕಿದ್ದೆ. ರೇಸಿನ ಹಿಂದಿನ ದಿನ ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ತಂಗಿ ಬಂದಳು. ಅಮ್ಮ ಬಾಗಿಲಿಗೆ ಅಡ್ಡ ನಿಂತಳು. "ರಾಹುಕಾಲ ಶುರುವಾಯ್ತು. ಹತ್ತೂವರೆವರೆಗೂ ಅವಳು ಗಾಡಿ ಹತ್ತೋ ಹಾಗಿಲ್ಲ." ಅಮ್ಮಾ, ಗಾಡಿ ಸ್ಟಾರ್ಟೂ ಮಾಡಲ್ಲ, ಬರೀ ಕೂರೋದು ಅಂದರೆ ಕೇಳಬೇಕಲ್ಲ! ತಂಗಿಗೆ ಹತ್ತಕ್ಕೆ ಸ್ಕೂಲಿನಲ್ಲಿ ಮೀಟಿಂಗು. "ಅಣ್ಣ, ಹೇಗಾದ್ರೂ ಮಾಡಿಡು," ಅಂತ ಹೊರಟುಹೋದಳು. ಅವಳ ತೂಕಕ್ಕೆ ಸರಿಯಾಗಿ ಅಕ್ಕಿ ಮೂಟೆಯನ್ನು ಸೀಟಿಗೆ ಕಟ್ಟಿ ಅಳೆಯಬಹುದಿತ್ತು. ಮೂಟೆ ಯಾರು ಹೊರುತ್ತಾರೆ? ನನಗೆ ಅಂಗಡಿಗೆ ಹೋಗುವ ಆತುರ. ಅಮ್ಮನ ಕೈಗೆ ಟೇಪ್ ಕೊಟ್ಟು ನಾನೇ ಸೀಟಿನ ಮೇಲೆ ಕೂತೆ. ರಾಹುಕಾಲ ನನಗಿಲ್ಲವಂತೆ, ಓಡಿಸುವವನು ನಾನಲ್ಲವಲ್ಲ! ಅಮ್ಮ ಕನ್ನಡಕ ಏರಿಸಿ ಓದಿದಳು. ಮೂರೂಕಾಲು ಬರುವವರೆಗೂ ರಿಂಗ್ ಬಿಗಿದೆ. ನನ್ನ ತೂಕ ಎಂಬತ್ತನಾಲ್ಕು ಕೆಜಿ. ಅವಳದು ಐವತ್ತಾರು. ಸಂಜೆ ಫೋನಿನಲ್ಲಿ ಅವಳು ಕೇಳಿದಾಗ, "ಅಕ್ಕಿ ಮೂಟೆ ಕಟ್ಟಿ ನೋಡಿದೆ, ಕರೆಕ್ಟಾಗಿದೆ," ಅಂದುಬಿಟ್ಟೆ.

ಮಾರನೇ ದಿನ ಎರಡನೇ ಸುತ್ತಿನಲ್ಲೇ ಗಾಡಿ ಅವಳನ್ನು ಒದ್ದು ಎಸೆಯಿತು. ಹೆಗಲ ಮೂಳೆ ಮುರಿಯಿತು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡ್ಕೊಂಡ ಅನ್ನುತ್ತಾರಲ್ಲ, ಮೂರು ತಿಂಗಳು ನನ್ನದು ಅದೇ ಪಾಡು. ಅವಳ ಹೆಗಲ ಪಟ್ಟಿ ಕಂಡರೆ ಬೇರೆ ಕಡೆ ನೋಡುತ್ತಿದ್ದೆ. ಅವಳು ನನ್ನನ್ನು ಅನುಮಾನಿಸಲೇ ಇಲ್ಲ, ಅದೇ ಹಿಂಸೆ. "ನನ್ನ ಕೈಯೇ ಸರಿ ಇಲ್ಲ ಅಣ್ಣ. ಆಕ್ಸಿಲರೇಟರ್ ತಿರುಗಿಸೋದ್ರಲ್ಲಿ ಎಲ್ಲಿ ತಪ್ಪಿದೆ ಅಂತಾನೇ ಗೊತ್ತಾಗ್ತಿಲ್ಲ," ಅನ್ನುತ್ತಿದ್ದಳು. ಆ ವಾರ ಫೋನ್ ಮಾಡಿ, "ಭಾನುವಾರ ಅಳತೆಗೆ ಬರ್ತೀನಿ. ಇನ್ನೊಂದೇ ಒಂದ್ಸಲ ಓಡಿಸ್ತೀನಿ. ಭಯ ಹೋಗ್ಲಿಲ್ಲ ಅಂದ್ರೆ ಬಿಟ್ಬಿಡ್ತೀನಿ, ಗಾಡಿ ಮಾರ್ಬಿಡು," ಅಂದಿದ್ದಳು. ನಾನು ಕಂಡ ಹಾಗೆ ಅವಳು ಮನಸಾರೆ ನಗುತ್ತಿದ್ದದ್ದು ಆ ಗಾಡಿ ಮೇಲೆ ಮಾತ್ರ. ನಾನು ಬಾಯಿ ಬಿಡದಿದ್ದರೆ ಅದೂ ಹೋಗುತ್ತಿತ್ತು.

ಒಂಬತ್ತೂವರೆಗೆ ಸ್ಪ್ಯಾನರ್ ತಗೊಂಡೆ. ಅವಳು ಬರುವ ಮುಂಚೆಯೇ ರಿಂಗ್ ಸಡಿಲ ಮಾಡಿಬಿಟ್ಟರೆ ಅಳತೆ ಸರಿ ಬರುತ್ತೆ, ಗಾಡಿಯೂ ಸರಿಹೋಗುತ್ತೆ, ನನ್ನ ಮಾನವೂ ಉಳಿಯುತ್ತೆ. ಎರಡು ಸುತ್ತು ಸಡಿಲ ಮಾಡಿದೆ. ಥೂ ನಿನ್ನ, ಅವಳು ಸಾಯೋವರೆಗೂ ತನ್ನ ಕೈಯನ್ನೇ ಬೈಕೊಂಡಿರ್ಬೇಕಾ ಅನ್ನಿಸಿತು. ಎರಡು ಸುತ್ತು ವಾಪಸ್ ಬಿಗಿದೆ. ಅಷ್ಟರಲ್ಲಿ ಆಟೋ ನಿಂತ ಸದ್ದಾಯಿತು.

ಅವಳು ಬೂಟು, ಹೆಲ್ಮೆಟ್ ಹಾಕಿಕೊಂಡು ಸೀಟಿನ ಮೇಲೆ ಕೂತಳು. ನಾನು ಬಗ್ಗಿ ಟೇಪ್ ಹಿಡಿದೆ.

"ಎಷ್ಟು?"

"ಎರಡೂಕಾಲು."

"ಹೋದ್ಸಲ ಮೂರೂಕಾಲು ಅಂದಿದ್ಯಲ್ಲ? ಆಮೇಲೆ ಸ್ಪ್ರಿಂಗ್ ಯಾರಾದ್ರೂ ಮುಟ್ಟಿದಾರಾ?"

"ಇಲ್ಲ."

ಅವಳು ಸ್ವಲ್ಪ ಯೋಚಿಸಿದಳು. ಲೆಕ್ಕದ ಟೀಚರ್ ಅಲ್ಲವೇ. ಆಮೇಲೆ ಅವಳೇ ನನಗೆ ದಾರಿ ಮಾಡಿಕೊಟ್ಟಳು. "ಮೂಟೆ ಕಟ್ಟಿದ ಹಗ್ಗ ಕೆಳಗೆ ಎಳೆದಿರ್ಬೇಕು, ಬಿಡು."

ಹೂಂ ಅಂದಿದ್ದರೆ ಮುಗಿದುಹೋಗುತ್ತಿತ್ತು. ನಾಲಿಗೆ ತುದಿಗೆ ಬಂದಿತ್ತು.

"ಮೂಟೆ ಕಟ್ಲೇ ಇಲ್ಲ ಕಣೇ," ಅಂದೆ. "ನಾನೇ ಕೂತಿದ್ದೆ. ನಿನ್ನ ಕೈ ತಪ್ಪಿಲ್ಲ."

ಅವಳು ಹೆಲ್ಮೆಟ್ ತೆಗೆದಳು. ಬೈಯುತ್ತಾಳೆ ಅಂದುಕೊಂಡೆ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಇಳಿದು, "ಕೂತ್ಕೋ," ಅಂದಳು. ಕೂತೆ. ಅವಳ ಹೆಗಲು ಇನ್ನೂ ಪೂರ್ತಿ ಆಡುತ್ತಿರಲಿಲ್ಲ, ಒಂದು ಕೈಯನ್ನು ನೆಲಕ್ಕೆ ಊರಿಕೊಂಡು ಟೇಪ್ ಓದಿದಳು. ಮೂರೂಕಾಲು. ಎದ್ದು ನಿಂತು ಹೆಬ್ಬೆರಳು, ತೋರುಬೆರಳ ನಡುವೆ ಒಂದಿಂಚು ಬಿಟ್ಟು ನನ್ನ ಮುಖದ ಮುಂದೆ ಹಿಡಿದಳು.

"ಇಷ್ಟು ಅಣ್ಣ. ಮೂರು ತಿಂಗಳು ದಿನಾ ನನ್ನ ಕೈ ನೋಡ್ಕೊಂಡು, ನೀನ್ಯಾಕೆ ಹಿಂಗ್ ಮಾಡ್ದೆ ಅಂತ ಆ ಕೈನೇ ಕೇಳ್ತಿದ್ದೆ. ನೀನು ಎದುರಿಗೇ ಕೂತು ಕೇಳಿಸ್ಕೊಳ್ತಿದ್ದೆ."

ನನಗೆ ಅಳು ಬಂತು. ಅವಳು ನನ್ನ ಕೈಯಿಂದ ಸ್ಪ್ಯಾನರ್ ತಗೊಂಡು ರಿಂಗನ್ನು ತಾನೇ ತಿರುಗಿಸಿದಳು. ಕೂರುವುದು, ಇಳಿಯುವುದು, ತಿರುಗಿಸುವುದು. ನಾನು ನಂಬರ್ ಹೇಳುವುದು. ಹನ್ನೆರಡಕ್ಕೆ ಹಿಂದಿನ ಸ್ಪ್ರಿಂಗ್ ಸರಿಯಾಯಿತು, ಒಂದಕ್ಕೆ ಮುಂದಿನ ಎರಡೂ. ಊಟಕ್ಕೆ ನಿಲ್ಲಲಿಲ್ಲ. ಆಟೋ ಹತ್ತುವಾಗ, "ಮುಂದಿನ ಭಾನುವಾರ ಟ್ರ್ಯಾಕಿಗೆ ನೀನು ಬರ್ಬೇಡ," ಅಂದಳು.

ಮುಂದಿನ ಭಾನುವಾರ ಗಾಡಿಯನ್ನು ಟೆಂಪೋಗೆ ಹತ್ತಿಸಿ ಹಗ್ಗ ಬಿಗಿದುಕೊಟ್ಟು ಮನೆಯಲ್ಲೇ ಉಳಿದೆ. ಗೇಟಿನಿಂದ ಶೆಡ್ಡಿಗೆ, ಶೆಡ್ಡಿನಿಂದ ಗೇಟಿಗೆ ಎಷ್ಟು ಸಲ ಓಡಾಡಿದೆನೋ. ನಾಲ್ಕು ಗಂಟೆಗೆ ಅಮ್ಮನ ಫೋನ್ ಹೊಡೆದುಕೊಂಡಿತು. ನನ್ನದಲ್ಲ, ಅಮ್ಮನದು.

"ಬಿದ್ದಿಲ್ವಂತೆ ಕಣೋ! ಕೊನೇವರೆಗೂ ಓಡಿಸಿದ್ಲಂತೆ. ಗಾಡಿ ಮಾರಲ್ವಂತೆ!" ಅಮ್ಮ ಕುಣಿಯುವುದೊಂದು ಬಾಕಿ.

"ನನ್ನ ಕೇಳಿದ್ಲಾ?" ಅಂದೆ.

ಅಮ್ಮ ಸೆರಗಿನಿಂದ ಫೋನ್ ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. "ಹೂಂ, ಕೇಳಿದ್ಲು," ಅಂದಳು. ನಮ್ಮಮ್ಮನಿಗೆ ನೆಟ್ಟಗೆ ಒಂದು ಸುಳ್ಳು ಹೇಳೋಕೂ ಬರುವುದಿಲ್ಲ.