ನೀಲಿ ಗಿಣಿಯ ವಿಚಾರಣೆ

ಈಗ ಬರೆಯಲು ಹೊರಟಿರುವುದು ನಿಜವಾಗಿ ನಡೆಯಿತೇ ಎನ್ನುವುದು ನನಗೆ ಖಾತ್ರಿಯಿಲ್ಲ. ನಡೆದಿದೆ ಎಂದು ಮೂವತ್ತು ವರ್ಷಕ್ಕೂ ಮಿಗಿಲಾಗಿ ನಂಬಿಕೊಂಡಿದ್ದೇನೆ. ಆದರೆ ನಂಬಿದ್ದೇ ಬೇರೆ, ನಡೆದದ್ದೇ ಬೇರೆ ಎಂದು ರಾಮನಗರದ ಕಾಲೇಜೊಂದರಲ್ಲಿ ಇತಿಹಾಸದ ಪಾಠ ಹೇಳಿ ಸಂಬಳ ತೆಗೆದುಕೊಳ್ಳುವವನು ನಾನು. ಆ ಪಾಠವನ್ನು ನನ್ನ ಮೇಲೆಯೇ ಪ್ರಯೋಗಿಸುವ ದಿನ ಬರುತ್ತದೆ, ಅದೂ ಮಕ್ಕಳ ಕಾರ್ಟೂನ್ ಒಂದರ ದೆಸೆಯಿಂದ ಬರುತ್ತದೆ ಎಂದು ಎಣಿಸಿರಲಿಲ್ಲ.

ನನ್ನ ನೆನಪು ಹೀಗಿದೆ. ನನಗೆ ಆರು ವರ್ಷ. ನಾವು ಚನ್ನಪಟ್ಟಣದಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅಮ್ಮ ಕಾಯಿಲೆಯಾಗಿ ಬೆಂಗಳೂರಿನ ಆಸ್ಪತ್ರೆ ಸೇರಿದ್ದಳು. ಅಪ್ಪ ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದರು. ಹಗಲು ನನ್ನನ್ನು ನೋಡಿಕೊಂಡವರು ಪಕ್ಕದ ಮನೆಯ ಚಾಚಿ. ಅವರದು ಆಟಿಕೆ ಮಾಡುವ ಮನೆ. ಮುಂದಿನ ಕೋಣೆಯಲ್ಲಿ ಅವರ ಗಂಡ ಚಾಚಾ ಮರ ಕಡೆಯುವ ಲೇತು ಗಿರಗಿರ ಸುತ್ತುತ್ತಿತ್ತು. ನಾನು ಅನ್ನ ಬಿಟ್ಟಿದ್ದೆ. ಯಾರು ಕಲಸಿಕೊಟ್ಟರೂ ಬಾಯಿ ತೆರೆಯುತ್ತಿರಲಿಲ್ಲ. ಒಂದು ಮಧ್ಯಾಹ್ನ ಚಾಚಾ ಊಟಕ್ಕೆ ಎದ್ದಾಗ ಚಾಚಿ ನನ್ನನ್ನು ಲೇತಿನ ಮುಂದೆ ತೊಡೆಯ ಮೇಲೆ ಕೂರಿಸಿಕೊಂಡರು. ಸುತ್ತುವ ಮರದ ತುಂಡಿಗೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ ಉಜ್ಜಿದ ಕಾವಿಗೇ ಅರಗು ಕರಗಿ ಮರಕ್ಕೆ ಅಂಟುತ್ತದೆ. ಆ ಕಡ್ಡಿಯನ್ನು ನನ್ನ ಬೆರಳುಗಳಲ್ಲಿ ಇಟ್ಟು, ಮೇಲೆ ತಮ್ಮ ಕೈ ಇಟ್ಟು ಒತ್ತಿದರು. ಬಿಳಿಯ ಮರ ನನ್ನ ಕಣ್ಣೆದುರು ಹಸಿರಾಯಿತು. ಅದು ಗಿಣಿಯ ಹೊಟ್ಟೆ. ತಲೆ, ಬಾಲ, ಗಾಲಿ ಆಮೇಲೆ ಬಂದವು. ಮರುದಿನ ತಟ್ಟೆಯ ಪಕ್ಕ ಗಿಣಿಯನ್ನು ನಿಲ್ಲಿಸಿ, "ಗಿಣೀಗೆ ಒಂದ್ ತುತ್ತು, ನಿಂಗೆ ಒಂದ್ ತುತ್ತು. ಅದು ತಿಂತು ನೋಡು" ಎಂದರು. ನಾನು ತಿಂದೆ.

ಇಷ್ಟೇ. ಇಷ್ಟನ್ನು ನಾನು ಮದುವೆಗೆ ಮುಂಚೆ ಹೆಂಡತಿಗೆ ಹೇಳಿದ್ದೇನೆ, ತರಗತಿಯಲ್ಲಿ ಒಂದೆರಡು ಸಲ ಹೇಳಿದ್ದೇನೆ, ಮಗಳಿಗೆ ಅನ್ನ ಉಣ್ಣಿಸುವಾಗ ಲೆಕ್ಕವಿಲ್ಲದಷ್ಟು ಸಲ ಹೇಳಿದ್ದೇನೆ. ಹೇಳದೆ ಉಳಿದದ್ದು ಒಬ್ಬರಿಗೇ, ಆ ಚಾಚಿಗೆ. ಅವರು ಈಗಲೂ ಚನ್ನಪಟ್ಟಣದಲ್ಲೇ ಇದ್ದಾರೆ. ರಾಮನಗರದಿಂದ ಬಸ್ಸು ಹತ್ತಿದರೆ ಅರ್ಧ ಗಂಟೆ ಹಿಡಿಯುವುದಿಲ್ಲ. ಯಾಕೆ ಹೋಗಲಿಲ್ಲ ಎಂದು ಯಾರಾದರೂ ಕೇಳಿದರೆ ನನ್ನ ಬಳಿ ಓದಿದವರ ಉತ್ತರ ಸಿದ್ಧವಿತ್ತು: ಆರು ವರ್ಷದ ಮಗುವಿನ ನೆನಪನ್ನು ನಂಬಿಕೊಂಡು ಹೋಗಿ ಏನೆಂದು ಹೇಳಲಿ?

ಮಗಳಿಗೆ ಈಗ ಎಂಟು ವರ್ಷ. ಕಳೆದ ಬೇಸಿಗೆ ರಜೆಯಿಂದ ಅವಳಿಗೆ ಒಂದು ಕಾರ್ಟೂನಿನ ಹುಚ್ಚು. ಅದರ ಹೆಸರು ಏನೇ ಇರಲಿ, ನಮ್ಮ ಮನೆಯಲ್ಲಿ ಅದು 'ಇತಿಹಾಸದ ಪೊಲೀಸರು'. ಉದ್ದ ಜಡೆಯ ಒಬ್ಬ ಮಹಿಳಾ ಇನ್ಸ್‌ಪೆಕ್ಟರ್, ಶಾಲೆಯಲ್ಲಿ ಇತಿಹಾಸದಲ್ಲಿ ಫೇಲಾದ ಒಬ್ಬ ಪೇದೆ. ಇಬ್ಬರೂ ಫ್ರಿಜ್ಜಿನಂಥ ಪೆಟ್ಟಿಗೆಯೊಳಗೆ ಹೊಕ್ಕು ಹಿಂದಿನ ಕಾಲಕ್ಕೆ ಹೋಗುತ್ತಾರೆ. ಅಲ್ಲಿ ಯಾವುದೋ ಮಹಾರಾಜ ಯುದ್ಧ ಬಿಟ್ಟು ಉಪ್ಪಿನಕಾಯಿ ಮಾರುತ್ತಿರುತ್ತಾನೆ, ಕೋಟೆ ಕಟ್ಟಬೇಕಾದವನು ಈಜುಕೊಳ ತೋಡಿಸುತ್ತಿರುತ್ತಾನೆ. ಇನ್ಸ್‌ಪೆಕ್ಟರ್ ಸೀಟಿ ಊದಿ, "ಪುಸ್ತಕದಲ್ಲಿ ಹೀಗಿಲ್ಲ!" ಎಂದು ಗದರಿಸಿ, ಅವನನ್ನು ಹಿಡಿದು ಸಿಂಹಾಸನಕ್ಕೆ ತಳ್ಳುತ್ತಾಳೆ. ಎಲ್ಲ ಸರಿಹೋದ ಮೇಲೆ ಎರಡು ಸಲ ಸೀಟಿ. ಪೇದೆ ಮಾತ್ರ ಪ್ರತಿ ಸಲವೂ ತಪ್ಪು ಕಾಲದಲ್ಲಿ ಚಪ್ಪಲಿ ಬಿಟ್ಟು ಬರುತ್ತಾನೆ.

ಮೊದಲು ನನಗೆ ಸಿಟ್ಟೇ ಬಂದಿತ್ತು. "ಆ ರಾಜ ಉಪ್ಪಿನಕಾಯಿ ಮಾರ್ಕೊಂಡಿದ್ರೆ ಎಷ್ಟು ಜನ ಸೈನಿಕರು ಉಳೀತಿದ್ರು! ಪುಸ್ತಕ ಬರೆದವರು ಯಾರು ಅಂತ ಈ ಇನ್ಸ್‌ಪೆಕ್ಟರ್ ಕೇಳೋದೇ ಇಲ್ವಲ್ಲ" ಎಂದೆ.

"ಅಪ್ಪ, ಇದು ಕಾಮಿಡಿ" ಎಂದಳು ಮಗಳು, ಕಣ್ಣು ತೆಗೆಯದೆ. "ನಗು, ಇಲ್ಲಾಂದ್ರೆ ಅಡುಗೆಮನೆಗೆ ಹೋಗು."

ಕೂತೆ. ಮೂರನೆಯ ದಿನ ನಕ್ಕೆ. ಎರಡನೆಯ ವಾರದಲ್ಲಿ ಪೇದೆ ಈ ಸಲ ಚಪ್ಪಲಿ ಎಲ್ಲಿ ಬಿಡುತ್ತಾನೆಂದು ನಾವಿಬ್ಬರೂ ಪಂಥ ಕಟ್ಟುತ್ತಿದ್ದೆವು. ಆಟದ ಮೇಷ್ಟರಂತೆ ಕೊರಳಿಗೆ ಹಾಕಿಕೊಳ್ಳಲು ದಾರ ಕಟ್ಟಿದ ಒಂದು ಸೀಟಿಯನ್ನು ಅವಳಿಗೆ ಕೊಡಿಸಿದವನೂ ನಾನೇ. ಅಂದಿನಿಂದ ಮನೆಯಲ್ಲಿ ಯಾರೂ ಹಳೆಯ ಮಾತು ಎತ್ತುವ ಹಾಗಿರಲಿಲ್ಲ. ಎತ್ತಿದರೆ ಸೀಟಿ, "ಪ್ರೂಫ್ ಎಲ್ಲಿ?" ಎಂಬ ಪ್ರಶ್ನೆ.

ಈ ಹುಚ್ಚು ಇಳಿಯುವ ಮೊದಲೇ, ಅವರೆಕಾಯಿಯ ಕಾಲಕ್ಕೆ, ಗುಡೇಮಾರನಹಳ್ಳಿಯಲ್ಲಿರುವ ಅಮ್ಮನ ತವರುಮನೆಗೆ ಹೊಸ ಕಿಟಕಿ ಬಾಗಿಲು ಹಾಕಿಸಿದರು. ಅಮ್ಮ ನೋಡಲು ಹೋದವಳು ಅವರೆಕಾಯಿ ಚೀಲದ ಜೊತೆಗೆ ಕಾಗದದಲ್ಲಿ ಸುತ್ತಿದ ಒಂದು ಪೊಟ್ಟಣ ತಂದಳು. "ನಿಂದೇ ಕಣಪ್ಪ. ನಂಗೆ ವಾಸಿಯಾದ್ ಮೇಲೆ ಅಲ್ಲಿದ್ವಲ್ಲ, ಆಗ ಬುಟ್ಟು ಬಂದಿದ್ದು. ಇಷ್ಟ್ ವರ್ಷವೂ ಹಜಾರದ ಕಿಟಕೀಲಿ ಕೂತಿತ್ತು."

ಪೊಟ್ಟಣದಲ್ಲಿ ಗಿಣಿ ಇತ್ತು. ನನ್ನ ಗಿಣಿಯೇ. ಗಾಲಿ ಒಂದು ಹೋಗಿತ್ತು, ಕೊಕ್ಕಿನ ಕೆಂಪು ಉಳಿದಿತ್ತು. ಮೈ ಮಾತ್ರ ನೀಲಿ.

ಸೀಟಿ ಮೊಳಗಿತು. ಕಿವಿ ಹರಿಯುವಂತೆ.

"ಅಪ್ಪ ಹೇಳಿದ್ದು ಹಸಿರು. ಗಿಣಿ ನೀಲಿ. ಅಪ್ಪ ಅರೆಸ್ಟ್!"

"ಅಯ್ಯೋ, ಆ ಗಿಣಿಯ ನಿಮ್ಮಜ್ಜ ಹೈವೇ ಅಂಗಡೀಲಿ ತಗಂಡಿದ್ದು ಕಣವ್ವ" ಎಂದಳು ಅಮ್ಮ ನಗುತ್ತ. "ಆಸ್ಪತ್ರೇಲಿ ನಂಗೇ ಹೇಳಿದ್ರು. ಮಗೀಗೆ ಒಂದು ಆಟದ್ ಸಾಮಾನು ಕೊಡಿಸ್ದೆ ಅಂತ."

"ಚಾಚಿ ಮಾಡಿಕೊಟ್ಟಿದ್ದು ಅಂತ ನಿನಗೆ ನಾನು ಎಷ್ಟು ಸಲ ಹೇಳಿಲ್ಲಮ್ಮ?"

"ನೀನು ಹೇಳ್ದೆ, ನಾನು ಹೂಂ ಅಂದೆ. ಮಕ್ಳು ಹೇಳಿದ್ಕೆಲ್ಲ ಊಹೂಂ ಅನ್ನೋಕಾಯ್ತದಾ?"

ನಾನು ನಕ್ಕೆ, ಆದರೆ ಒಳಗೆ ಏನೋ ಕಳಚಿತು. ಗಿಣಿ ಹಸಿರು ಎಂದು ನೆನಪು ಹೇಳಿದ್ದು ಗಿಣಿಗಳು ಹಸಿರಾಗಿರುತ್ತವೆ ಎಂಬ ಕಾರಣಕ್ಕೇ ಇರಬೇಕು. ಗೊತ್ತಿಲ್ಲದ ಜಾಗವನ್ನು ಗೊತ್ತಿರುವುದರಿಂದ ತುಂಬುವುದು ಮನಸ್ಸಿನ ಹಳೆಯ ಚಾಳಿ. ಬಣ್ಣವೇ ಸುಳ್ಳಾದರೆ ಆ ತೊಡೆ, ನನ್ನ ಕೈಯ ಮೇಲಿನ ಕೈ, ಗಿಣಿಗೊಂದು ತುತ್ತು, ಇವುಗಳಿಗೆ ಯಾರು ಜಾಮೀನು? ಹೋಗಲಿ, ಗುಡೇಮಾರನಹಳ್ಳಿಯ ಆ ಹಜಾರದಲ್ಲಿ ನಾನು ಎಷ್ಟೋ ಸಲ ಕೂತು ಊಟ ಮಾಡಿದ್ದೇನೆ. ಕಿಟಕಿಯಲ್ಲಿದ್ದ ಗಿಣಿ ಕಂಡಿರಲೇಬೇಕು. ಕಂಡ ನೆನಪೇ ಇಲ್ಲ. ಇಂಥ ಸಾಕ್ಷಿದಾರನನ್ನು ನಾನಾದರೂ ನಂಬುತ್ತೇನೆಯೇ? ಅಪ್ಪ ತೀರಿಕೊಂಡು ಬಹಳ ಕಾಲವಾಯಿತು, ಅವರನ್ನು ಕೇಳುವಂತಿಲ್ಲ. ಉಳಿದವರು ಚಾಚಿ ಒಬ್ಬರೇ.

ಆ ವಾರವೆಲ್ಲ ನಾನು ಮಂಕಾಗಿದ್ದೆನಂತೆ. ಒಂದು ಪುಟ್ಟ ಮರದ ಗಿಣಿಗೆ ಇಷ್ಟು ಮಂಕಾಗುವುದು ಯಾಕೆಂದು ನಾನೇ ಯೋಚಿಸಿದೆ. ನನಗೆ ಮನುಷ್ಯರ ಮೇಲೆ ಇರುವ ಅಷ್ಟಿಷ್ಟು ವಿಶ್ವಾಸ ಆ ಮಧ್ಯಾಹ್ನದಿಂದ ಬಂದದ್ದು. ಅದು ಹೋದರೆ ನನ್ನ ಬಳಿ ಸಂಶಯವೊಂದೇ ಉಳಿಯುತ್ತದೆ.

ಮಗಳೇ ದಾರಿ ತೋರಿಸಿದಳು. "ಪೊಲೀಸರು ಮನೇಲಿ ಕೂತು ಯೋಚ್ನೆ ಮಾಡಲ್ಲಪ್ಪ. ಸ್ಪಾಟಿಗೆ ಹೋಗ್ತಾರೆ."

ಭಾನುವಾರ ಹೊರಟೆವು. ಅಮ್ಮ ತಂದಿದ್ದ ಅವರೆಕಾಯಿಯಲ್ಲಿ ಅರ್ಧವನ್ನು ಚೀಲಕ್ಕೆ ತುಂಬಿಕೊಟ್ಟಳು. ಫ್ರಿಜ್ಜಿನಂಥ ಪೆಟ್ಟಿಗೆಯಲ್ಲ, ನಿಂತೇ ಹೋಗಬೇಕಾದ ಸರ್ಕಾರಿ ಬಸ್ಸು. ಆ ಬೀದಿಯಲ್ಲಿ ನಮ್ಮ ಬಾಡಿಗೆ ಮನೆ ಇದ್ದ ಜಾಗದಲ್ಲಿ ಮೂರಂತಸ್ತಿನ ಕಟ್ಟಡ ಎದ್ದಿತ್ತು. ಪಕ್ಕದ ಮನೆ ಹಾಗೆಯೇ ಇತ್ತು. ಲೇತಿನ ಕೋಣೆಯಲ್ಲಿ ಮೋಟಾರುಬೈಕು ನಿಂತಿತ್ತು. ಚಾಚಾ ತೀರಿಕೊಂಡರೆಂದು ಕೇಳಿ ಗೊತ್ತಿತ್ತು. ಚಾಚಿ ಬಾಗಿಲ ಹತ್ತಿರ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ನಾನು ಅಪ್ಪನ ಹೆಸರು, ಅಪ್ಪನ ಕೆಲಸ, ಅಮ್ಮನ ಕಾಯಿಲೆ, ನಾನೀಗ ಕಾಲೇಜಿನ ಮೇಷ್ಟರು ಎನ್ನುವುದು, ಎಲ್ಲ ಹೇಳಿದೆ.

"ಅಮ್ಮ ಹೆಂಗವ್ರೆ ಬೇಟಾ? ಇದ್ದಾರಾ?" ಅದೇ ಮೊದಲ ಪ್ರಶ್ನೆ.

"ಚೆನ್ನಾಗಿದ್ದಾರೆ ಚಾಚಿ. ಅವರೇ ಅವರೆಕಾಯಿ ಕಳಿಸಿದ್ದಾರೆ."

ಅವರು ಮೊರವನ್ನು ಕೆಳಗಿಟ್ಟು ಆಕಾಶ ನೋಡಿ ಏನೋ ಅಂದುಕೊಂಡರು. ಆಮೇಲೆ ಚೀಲ ಇಣುಕಿದರು. "ಸೊಗಡು ಐತೆ."

ನಾನು ಆ ಮಧ್ಯಾಹ್ನದ ಕತೆ ಹೇಳಿದೆ. ಅವರು ಬಹಳ ಹೊತ್ತು ನನ್ನ ಮುಖ ನೋಡಿದರು. ನಾನು ನ್ಯಾಯಾಲಯದಲ್ಲಿ ನಿಂತವನಂತೆ ಕಾದೆ.

"ನೆಪ್ಪಿಲ್ಲ ಬೇಟಾ. ಸುಳ್ಳು ಯಾಕ್ ಹೇಳ್ಲಿ? ಬೀದಿ ಮಕ್ಳೆಲ್ಲ ಬಂದು ಇಲ್ಲೇ ಕೂತ್ಕತ್ತಿದ್ವು. ಎಲ್ಲಾರ್ನೂ ತೊಡೆ ಮೇಲೆ ಕೂರಿಸ್ಕತ್ತಿದ್ದೆ. ಯಾರ್ ತಿಂದ್ರು, ಯಾರ್ ಬುಟ್ರು, ಹೆಂಗ್ ಗೊತ್ತಾಯ್ತದೆ?"

ಮಗಳು ಸೀಟಿಯನ್ನು ಬಾಯಿಗೆ ಇಟ್ಟವಳು ಹಾಗೆಯೇ ಇಳಿಸಿದಳು. ನನ್ನ ಮುಖ ನೋಡಿರಬೇಕು.

ಆಗ ನನಗೆ ಒಂದು ವಿಷಯ ಹೊಳೆಯಿತು. ಅವರಿಗೆ ನೆನಪಿಲ್ಲದ್ದು ನನ್ನ ಕತೆಯನ್ನು ಸುಳ್ಳು ಮಾಡುವುದಿಲ್ಲ. ಎಷ್ಟೋ ಮಕ್ಕಳಿಗೆ ಹಾಗೆ ಮಾಡಿದವರಿಗೆ ಒಬ್ಬನನ್ನು ನೆನಪಿಡುವ ಅಗತ್ಯವೇ ಬೀಳುವುದಿಲ್ಲ. ಖಾತ್ರಿಯಾಗಲಿ, ಆಮೇಲೆ ಹೇಳೋಣ ಎಂದು ಇಷ್ಟು ವರ್ಷ ತಳ್ಳಿಕೊಂಡು ಬಂದಿದ್ದೆನಲ್ಲ, ಅದು ವಿವೇಕವಲ್ಲ, ಬರೀ ಸೋಮಾರಿತನ ಎಂದು ಆ ಪ್ಲಾಸ್ಟಿಕ್ ಕುರ್ಚಿಯ ಎದುರು ಅನ್ನಿಸಿತು. ಬಗ್ಗಿ ಅವರ ಕಾಲು ಮುಟ್ಟಿದೆ.

"ಅರೆ, ಅರೆ, ಏನಿದು! ಮೇಷ್ಟ್ರಾಗಿ ಹಿಂಗೆಲ್ಲ ಬಗ್ಗಬಾರ್ದು. ಏಳು ಏಳು."

"ನೀವು ನನಗೆ ಅನ್ನ ಉಣ್ಣಿಸಿದ್ರಿ ಚಾಚಿ. ನಿಮಗೆ ನೆನಪಿಲ್ಲದಿದ್ರೂ ಪರವಾಗಿಲ್ಲ."

"ಉಣ್ಸಿರ್ತೀನಿ" ಎಂದರು ಅವರು ಸಲೀಸಾಗಿ. "ಹಸಿದ ಮಗಾನ ಹಂಗೇ ಬುಡ್ತಾರಾ ಯಾರಾದ್ರೂ? ಕೂತ್ಕ, ಟೀ ಮಾಡಿಸ್ತೀನಿ."

ಟೀ ಬರುವಷ್ಟರಲ್ಲಿ ಮಗಳು ತನ್ನ ಚೀಲದಿಂದ ಗಿಣಿ ತೆಗೆದು ಅವರ ಮಡಿಲಲ್ಲಿ ಇಟ್ಟಿದ್ದಳು. ಚಾಚಿ ಕನ್ನಡಕ ಹಾಕಿಕೊಂಡರು. ಗಿಣಿಯನ್ನು ತಿರುಗಿಸಿ, ಹೊಟ್ಟೆಯ ಮೇಲೆ ಹೆಬ್ಬೆರಳಿನಿಂದ ನೇವರಿಸಿ, ತಲೆಯನ್ನು ಸ್ವಲ್ಪ ಅಲ್ಲಾಡಿಸಿ ನೋಡಿದರು. ಮುಖವೇ ಬದಲಾಯಿತು. ನನ್ನ ಮುಖದಲ್ಲಿ ಸಿಗದ ಗುರುತು ಅವರಿಗೆ ಮರದಲ್ಲಿ ಸಿಕ್ಕಿತ್ತು.

"ಹಸ್ರು ಗಿಣಿ ಇದು."

"ನೀಲಿ ಅಜ್ಜಿ!" ಎಂದಳು ಮಗಳು.

"ನೀಲಿ ಗಿಣಿ ಯಾರ್ ಮಾಡ್ತಾರೆ ಮಗಾ, ತಲೆ ಕೆಟ್ಟವ್ರು? ಬಿಸಿಲಲ್ಲಿ ಇಟ್ಟಿದ್ರಾ ಇದನ್ನ?"

"ಕಿಟಕಿಯಲ್ಲಿತ್ತು" ಎಂದೆ.

"ಅದಕ್ಕೇ. ಅಂಗಡೀಗೆ ಹೋಗೋ ಮಾಲಿಗೆ ಆಗೆಲ್ಲ ಡಬ್ಬಿ ಬಣ್ಣ ಹಾಕ್ತಿದ್ವಿ. ಅದು ಇಷ್ಟ್ ಸುಲಭಕ್ಕೆ ಹೋಗಾಕಿಲ್ಲ. ಬೀದಿ ಮಕ್ಳು ಬಾಯಿಗೆ ಇಡ್ತವೆ ಅಂತ ಅವಕ್ಕೆ ಮಾತ್ರ ನಾನು ಬೇರೆ ಅರಗು ಕಾಯಿಸ್ತಿದ್ದೆ, ಅಡುಗೆಮನೇಲಿ. ಅರಿಶಿಣ, ಗಿಡದ ನೀಲಿ. ಎರಡೂ ಸೇರಿದ್ರೆ ಹಸ್ರು. ಅರಿಶಿಣ ಬಿಸಿಲು ತಡಿಯಾಕಿಲ್ಲ, ಓಡೋಯ್ತದೆ. ನೀಲಿ ಒಂದೇ ಕೂತಿರ್ತದೆ. ನಮ್ಮ ಮನೆಯವ್ರು ಬೈಯೋರು, ಮಕ್ಳ ಆಟಕ್ಕೆ ಇಷ್ಟ್ ಕೆಲ್ಸ ಯಾಕೆ ಅಂತ."

ಟೀ ಲೋಟ ಬಿಸಿಯಾಗಿತ್ತು, ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಮಗಳು ನನ್ನ ಮುಖವನ್ನೂ ಅವರ ಮುಖವನ್ನೂ ನೋಡಿ, ಬಹಳ ಮೆಲ್ಲಗೆ, ಎರಡು ಸಲ ಸೀಟಿ ಊದಿದಳು. ಚಾಚಿಗೆ ಅದರ ಅರ್ಥ ಗೊತ್ತಿರಲಿಲ್ಲ. "ಇಸ್ಕೂಲ್ ಬೆಲ್ಲಾ?" ಎಂದು ಕೇಳಿ ತಾವೇ ನಕ್ಕರು.

ಬಸ್ಸಿನಲ್ಲಿ ಮರಳುವಾಗ ಸಂಶಯದ ಹಳೆಯ ಚಾಳಿ ಮತ್ತೆ ತಲೆ ಎತ್ತಿತು. ನನ್ನ ಮನಸ್ಸಿಗೆ ಸಮಾಧಾನವಾಗಲೆಂದು ಚಾಚಿ ಹಾಗೆ ಹೇಳಿರಬಹುದಲ್ಲ? ಮಗಳು ಕೇಳಿದಳು, "ಮತ್ತೆ ಅಜ್ಜ ಕೊಡಿಸಿದ್ದು ಯಾವುದು?" ಗೊತ್ತಿಲ್ಲ ಎಂದೆ. ಅದು ಬೇರೆ ಯಾವುದೋ ಆಟಿಕೆ ಇರಬಹುದು. ಬೆಳಗಿನಿಂದ ಸಂಜೆಯವರೆಗೆ ರೈಲು, ಆಸ್ಪತ್ರೆ ಎಂದು ಓಡಾಡುತ್ತಿದ್ದ ಮನುಷ್ಯ ನಡುವೆ ಅಂಗಡಿಯ ಮುಂದೆ ನಿಂತು ನನಗಾಗಿ ಏನೋ ಆರಿಸಿದ್ದರು ಎನ್ನುವುದೇ ನನಗೆ ಅದುವರೆಗೆ ತಿಳಿದಿರಲಿಲ್ಲ. ಆ ಆಟಿಕೆಯ ನೆನಪು ನನಗೆ ಒಂದಿಷ್ಟೂ ಇಲ್ಲ. ಅವರಿಗೆ ಈಗ ಹೇಳುವ ದಾರಿಯೂ ಇಲ್ಲ.

ಮನೆಗೆ ಬಂದು ಅಮ್ಮನಿಗೆ ಎಲ್ಲ ಹೇಳಿದೆ. ಅವಳು, "ನಾನೇ ಹೋಗಿ ಬರ್ಬೇಕಿತ್ತು. ಮುಂದಿನ ವಾರ ಕರ್ಕಂಡ್ ಹೋಗು" ಎಂದಳು. ಹೋಗಿ ಬಂದೆವು. ಇಬ್ಬರೂ ಅವರೆಕಾಳು ಹಿಚುಕುತ್ತ ಸಂಜೆಯವರೆಗೆ ಮಾತಾಡಿದರು. ನನ್ನ ವಿಷಯ ಒಂದು ಸಲವೂ ಬರಲಿಲ್ಲ.

ಗಿಣಿಯ ತಲೆ ಬೇರೆ ತುಂಡು. ಮೈಗೆ ಬಣ್ಣ ಹಾಕಿ ಆದ ಮೇಲೆ, ಅದರ ಕುತ್ತಿಗೆಯ ತೂತಿಗೆ ಗೂಟದಂತೆ ಸಿಕ್ಕಿಸಿರುತ್ತಾರೆ. ಕಳೆದ ತಿಂಗಳು ಒಂದು ಮಧ್ಯಾಹ್ನ ಜಗುಲಿಯ ಬೆಳಕಿನಲ್ಲಿ ಕೂತು, ಮಗಳು ಮೈಯನ್ನು ಗಟ್ಟಿಯಾಗಿ ಹಿಡಿದಿರಲು, ಅಮ್ಮ "ಮುರಿದ್ಗಿರ್ದೀಯ" ಎನ್ನುತ್ತಿರಲು, ಆ ತಲೆಯನ್ನು ಮೆಲ್ಲಗೆ ತಿರುಗಿಸಿ ಕಿತ್ತೆ. ತಲೆ ಕೂತಿದ್ದ ಜಾಗದಲ್ಲಿ, ಅಂದಿನಿಂದ ಬಿಸಿಲು ಕಾಣದ ನಾಲ್ಕಾಣೆಯಷ್ಟು ಅಗಲದ ಸುತ್ತಿನಲ್ಲಿ, ಗಿಣಿ ಹಸಿರಾಗಿತ್ತು.