ಕೊಡೆ ಯಾವ ಕೈಯಲ್ಲಿತ್ತು

ಕೆಂಪು ಪೆನ್ನಿನ ಮಾವನನ್ನು ಕಂಡರೆ ನನಗೆ ಚಿಕ್ಕಂದಿನಿಂದಲೂ ಆಗುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಅವರನ್ನೇ ಹೊಗಳಲು ಹೊರಟಿದ್ದೇನೆ. ಅವರು ನಮ್ಮ ನೆಂಟರಲ್ಲ. ನನ್ನ ಅಮ್ಮನನ್ನು ಅಕ್ಕ ಎಂದು ಕರೆಯುತ್ತಿದ್ದರು, ಹಾಗಾಗಿ ನನಗೆ ಮಾವ. ಮುದ್ರಣಾಲಯವೊಂದರಲ್ಲಿ ಮೂವತ್ತೊಂದು ವರ್ಷ ಕರಡು ತಿದ್ದಿದವರು. ಔಷಧದ ಚೀಟಿಯಾಗಲಿ, ಪರೀಕ್ಷೆಯ ಪ್ರಶ್ನೆಪತ್ರಿಕೆಯಾಗಲಿ, ಅವರ ಕಣ್ಣು ತಪ್ಪಿಸಿ ಒಂದು ಚುಕ್ಕೆಯೂ ಆಚೆ ಹೋಗುತ್ತಿರಲಿಲ್ಲ. ಚಪ್ಪಲಿ ಅಂಗಡಿಯ ಮೇಲಿನ ಕೋಣೆಯಲ್ಲಿ ಒಬ್ಬರೇ ಇದ್ದರು. ನನ್ನ ಮದುವೆಯ ಕರೆಯೋಲೆ ಕೈಸೇರಿದ ಮರುದಿನವೇ ಮೂರು ಕಡೆ ಕೆಂಪು ಗುರುತು ಹಾಕಿ ವಾಪಸ್ಸು ಕಳಿಸಿದ್ದರು. ಅಷ್ಟರಲ್ಲಿ ನಾನೂರು ಪ್ರತಿ ಹಂಚಿಯಾಗಿತ್ತು. ಆ ಕೋಪ ಹನ್ನೆರಡು ವರ್ಷವಾದರೂ ಇಳಿದಿರಲಿಲ್ಲ.

ಅಮ್ಮ ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ನಿವೃತ್ತಳಾದವಳು. ಅವಳನ್ನೂ ಮಾವನನ್ನೂ ಗಂಟು ಹಾಕಿದ್ದು ಒಂದು ಹಳೆಯ ಹಾಸ್ಯ ಧಾರಾವಾಹಿ. ಬಾಡಿಗೆಯ ಕಟ್ಟಡವೊಂದರಲ್ಲಿ ಆರು ಸಂಸಾರಗಳ ರಗಳೆ, ಒಟ್ಟು ಅರುವತ್ತೆರಡು ಕಂತು. ಅಷ್ಟನ್ನೂ ಅಮ್ಮ ಟೇಪು ಮಾಡಿಟ್ಟಿದ್ದಳು. ಭಾನುವಾರ ಮಧ್ಯಾಹ್ನವಾದರೆ ನಮ್ಮ ನಡುಮನೆಯಲ್ಲಿ ಇವರಿಬ್ಬರ ಜೊತೆ ಒಬ್ಬ ಬಸ್ ಕಂಡಕ್ಟರು, ಒಬ್ಬ ಔಷಧದಂಗಡಿಯಾಕೆ ಸೇರುತ್ತಿದ್ದರು. ನಾಯಕ, ನಾಯಕಿಯರ ಸುದ್ದಿಯನ್ನು ಅಲ್ಲಿ ಯಾರೂ ಎತ್ತುವಂತಿರಲಿಲ್ಲ. ಎರಡನೇ ಮಹಡಿಯ ಬಾಗಿಲ ಸಂದಿಯಿಂದ ಹಾಲು ತೆಗೆದುಕೊಳ್ಳುವ ಕೈ ಯಾರದು, ಕ್ಷೌರದವನು ಎಷ್ಟು ಸಲ ಕೆಮ್ಮಿದ, ಇಂಥವೇ ಅವರ ಚರ್ಚೆ. ಎಲ್ಲರಿಗೂ ಅಚ್ಚುಮೆಚ್ಚು ಕೊಡೆಯವನು. ಹನ್ನೊಂದು ಕಂತುಗಳಲ್ಲಿ ಅವನು ಮೆಟ್ಟಿಲು ಹತ್ತಿ ಬಂದು, ತಪ್ಪು ಮನೆಯ ಬಾಗಿಲು ತಟ್ಟಿ, ತುಟಿಪಿಟಕ್ಕೆನ್ನದೆ ಇಳಿದು ಹೋಗುತ್ತಾನೆ. ಕೊನೆಯಲ್ಲಿ ಬರುವ ಹೆಸರುಗಳಲ್ಲಿ ಅವನದಿಲ್ಲ. ಮಾವನ ನೋಟ್‌ಬುಕ್ಕಿನಲ್ಲಿ ಅವನ ಹೆಸರಿಗೆಂದೇ ಒಂದು ಸಾಲು ಖಾಲಿ ಬಿಟ್ಟಿತ್ತು.

ಜಗಳ ಹತ್ತಿದರೆ ಕಂತಿನ ಸಂಖ್ಯೆ ಹೇಳಬೇಕು, ಟೇಪು ಹಾಕಿ ನೋಡಬೇಕು, ಸೋತವರು ಎಲ್ಲರ ಲೋಟ ತೊಳೆಯಬೇಕು. ಇದು ಅವರ ಕಾನೂನು. ಅಮ್ಮ ಸೋತರೆ "ಟೇಪೇ ತಪ್ಪು" ಎಂದು ಗೊಣಗಿಕೊಂಡೇ ತೊಟ್ಟಿಯ ಕಡೆ ಹೋಗುತ್ತಿದ್ದಳು.

ಅಂಥ ಅಮ್ಮನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಸೋತಿತು, ಮಾತು ನಿಂತಿತು. ನಾನು ಗಂಡನಿಗೆ ಹೇಳಿ ತವರಿಗೆ ಬಂದು ಕೂತೆ. ಮಾತು ಕಲಿಸಲು ಬರುತ್ತಿದ್ದಾಕೆ ಬೀಗ, ಬಾಚಣಿಗೆ, ಲೋಟದ ಚಿತ್ರಗಳನ್ನು ಹಿಡಿದು "ಇದೇನು ಹೇಳಿ" ಎಂದರೆ ಅಮ್ಮ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಅಂಚೆಚೀಟಿ ಮಾರುತ್ತಾ ಊರನ್ನೇ ಗದರಿಸಿದ ಹೆಂಗಸು, ಬಾಚಣಿಗೆ ಎಂದು ಹೇಳಿ ಚಪ್ಪಾಳೆ ತಟ್ಟಿಸಿಕೊಳ್ಳುತ್ತಾಳೆಯೇ? ಮೊದಲ ಆರು ತಿಂಗಳಲ್ಲಿ ಬಂದಷ್ಟು ಮಾತು ಆಮೇಲೆ ಸುಲಭಕ್ಕೆ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ನಾಲ್ಕು ತಿಂಗಳು ಕಳೆದಿತ್ತು. ನನಗೆ ದಿಕ್ಕೇ ತೋಚುತ್ತಿರಲಿಲ್ಲ.

ಭಾನುವಾರದವರನ್ನು ಮತ್ತೆ ಕರೆದೆ. ಬಾಗಿಲಲ್ಲೇ ಮಾವನನ್ನು ತಡೆದು, ಅಮ್ಮ ಏನೇ ಸನ್ನೆ ಮಾಡಿದರೂ ತಿದ್ದಕೂಡದು ಎಂದು ಮಾತು ತೆಗೆದುಕೊಂಡೆ. ಪಾಪ, ಮೂರು ಭಾನುವಾರ ಹಲ್ಲು ಕಚ್ಚಿ ಕೂತಿದ್ದರು. ಉಳಿದವರು ಅಮ್ಮ ತಲೆಯಾಡಿಸಿದ್ದಕ್ಕೆಲ್ಲ ಹೌದು ಹೌದು ಎನ್ನುತ್ತಿದ್ದರು. ಅಮ್ಮ ಎಲ್ಲರನ್ನೂ ಒಮ್ಮೆ ನೋಡಿ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು.

ನಾಲ್ಕನೇ ಭಾನುವಾರ ಕಂಡಕ್ಟರು, ಕೊಡೆಯವನು ಮೊದಲ ಸಲ ಬಂದಾಗ ಕೊಡೆ ಯಾವ ಕೈಯಲ್ಲಿತ್ತು ಎಂದು ಕೇಳಿದರು. ಅಮ್ಮ ಎಡಗೈ ಎತ್ತಿದಳು. ಔಷಧದಂಗಡಿಯಾಕೆ ಸರಿಯಾಗಿ ಹೇಳಿದಿರಿ ಎಂದು ಅಮ್ಮನ ಬೆನ್ನು ತಟ್ಟಿದರು. ಮಾವನ ಕುರ್ಚಿ ಕಿರುಗುಟ್ಟಿತು.

"ಅಲ್ಲಕ್ಕ," ಅಂದರು. "ಬಲಗೈ."

ನನಗೆ ಮೈಯೆಲ್ಲ ಉರಿದುಹೋಯಿತು. "ಮಾತು ಕೊಟ್ಟಿದ್ರಲ್ಲ ಮಾವ," ಅಂದೆ.

"ತಪ್ಪು ಹೇಳಿದ್ದು ಅಕ್ಕ ಕಣಮ್ಮ. ಅವರಿಗೆ ಹೇಳದೆ ಇನ್ಯಾರಿಗೆ ಹೇಳ್ಲಿ?"

ಅವರನ್ನು ಹೊರಗೆ ಕಳಿಸಬೇಕು ಎಂದು ನಾನು ಏಳುವಷ್ಟರಲ್ಲಿ ಹಿಂದಿನಿಂದ ಒಂದು ಸದ್ದು ಬಂತು. ಅಮ್ಮನ ಮುಖ ಕೆಂಪೇರಿತ್ತು, ಕುತ್ತಿಗೆಯ ನರ ಉಬ್ಬಿತ್ತು.

"ಎ... ಎಡ," ಅಂದಳು. "ಎಡಗೈ."

ಹತ್ತಿರ ಹತ್ತಿರ ಐದು ತಿಂಗಳ ಮೇಲೆ ಅಮ್ಮನ ಬಾಯಿಂದ ಬಂದ ಮೊದಲ ಮಾತು. ಕಂಡಕ್ಟರು ಬಾಯಿ ತೆರೆದವರು ಹಾಗೇ ಕೂತರು. ಮಾವ ಮಾತ್ರ ನೋಟ್‌ಬುಕ್ ತೆಗೆದು, ಎಂದಿನ ಗಂಟುಮೋರೆಯಲ್ಲೇ ಕೇಳಿದರು. "ಎಷ್ಟನೇ ಕಂತು?"

ಅಮ್ಮ ಹೆಣಗಿದಳು. ನಾನು ಹೇಳಿಕೊಡಲು ಹೋದರೆ ಎಡಗೈಯಿಂದ ನನ್ನನ್ನು ತಡೆದಳು. "ಹ... ಹತ್ತೊಂಬತ್ತು."

ಟೇಪು ಹಾಕಿದೆವು. ಚಿತ್ರ ನಡುಗುತ್ತಾ ಬಂತು. ಕೊಡೆಯವನು ಮೆಟ್ಟಿಲು ಹತ್ತಿದ. ಎಡಗೈಯಲ್ಲಿ ಕೊಡೆ ಇರಲಿ ಎಂದು ನಾನು ಜೀವ ಕೈಯಲ್ಲಿ ಹಿಡಿದು ನೋಡುತ್ತಿದ್ದೆ. ಅವನು ಎಡಗೈಯಲ್ಲಿ ಬಾಗಿಲು ತಟ್ಟಿದ. ಕೊಡೆ ಬಲಗೈಯಲ್ಲಿತ್ತು.

ಅಮ್ಮ ಪರದೆಯನ್ನು ದುರುಗುಟ್ಟಿ ನೋಡಿದಳು, ಆಮೇಲೆ ಮಾವನನ್ನು.

"ಟೇಪೇ," ಅಂದಳು. "ಟೇಪೇ ತಪ್ಪು."

ಔಷಧದಂಗಡಿಯಾಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಾನು ಬಿಕ್ಕಿ ಬಿಕ್ಕಿ ಅತ್ತೆ, ನಾಚಿಕೆಯೇನಿಲ್ಲ. ಮಾವ ಮೇಜಿನ ಮೇಲಿನ ಐದು ಲೋಟಗಳನ್ನು ಒಂದೊಂದಾಗಿ ತಟ್ಟೆಗೆ ಜೋಡಿಸಿ, ಅಮ್ಮನಿಗೆ ತೋಳು ಕೊಟ್ಟು ಎಬ್ಬಿಸಿದರು. ನಾನು ಅಡ್ಡ ಹೋಗಲಿಲ್ಲ. ಅಷ್ಟು ಬುದ್ಧಿ ಅಷ್ಟರಲ್ಲಿ ಬಂದಿತ್ತು. ಅವಳ ಬಾಯಿಗೆ ಮಾತು ಮರಳಿಸಿದ್ದು ನಮ್ಮ "ಹೌದು"ಗಳಲ್ಲ, ಆ ಮನುಷ್ಯನ ಒಂದೇ ಒಂದು "ಅಲ್ಲ". ಆ ಋಣ ನಾನು ತೀರಿಸುವಂಥದ್ದಲ್ಲ. ಕರೆಯೋಲೆಯ ಕೋಪವನ್ನು ಅವತ್ತೇ ಬಿಟ್ಟುಕೊಟ್ಟೆ. ಆ ಮೂರೂ ನಿಜವಾಗಿ ತಪ್ಪುಗಳೇ ಆಗಿದ್ದವು.

ತೊಟ್ಟಿಯ ಮುಂದೆ ಮಾವ ಲೋಟ ಹಿಡಿದುಕೊಂಡರು, ಅಮ್ಮ ಎಡಗೈಯಲ್ಲಿ ಉಜ್ಜಿದಳು. ಐದು ಲೋಟಕ್ಕೆ ಅರ್ಧ ಗಂಟೆ ಹಿಡಿಯಿತು. ಕೊನೆಯದನ್ನು ಮಾವ ಕಿಟಕಿಯ ಬೆಳಕಿಗೆ ಎತ್ತಿ, ತಿರುಗಿಸಿ ತಿರುಗಿಸಿ ನೋಡಿ, ಮತ್ತೆ ಅವಳ ಮುಂದೆ ಹಿಡಿದರು.

"ಅಕ್ಕ, ತಳದಲ್ಲಿ ಕಲೆ ಹಾಗೇ ಇದೆ."